ಬೊಮ್ಮಸಂದ್ರಕ್ಕೆ ಬಂದ ಮೆಕಾಂಗ್ ಮೀನು

ಬೆಂಗಳೂರಿನ ಸುತ್ತ ‘ಸಂದ್ರ’ದಲ್ಲಿ ಮುಗಿಯುವ ಊರುಗಳು ಹಲವು: ಸಿಂಗಸಂದ್ರ, ಜಕ್ಕಸಂದ್ರ, ಬೊಮ್ಮಸಂದ್ರ. ಸಂದ್ರ ಎಂದರೆ ಜನರ ಬಾಯಲ್ಲಿ ಸವೆದ ‘ಸಮುದ್ರ’. ಬಯಲುಸೀಮೆಯವರು ತಾವು ಕಟ್ಟಿದ ಕೆರೆಯನ್ನೇ ಸಮುದ್ರವೆಂದು ಕರೆದರು. ಈಗ ಬೊಮ್ಮಸಂದ್ರ ಎಂದರೆ ಕಾರ್ಖಾನೆ, ಆಸ್ಪತ್ರೆ, 2025ರ ಆಗಸ್ಟ್‌ನಿಂದ ಹಳದಿ ಮೆಟ್ರೊದ ಕೊನೆಯ ನಿಲ್ದಾಣ. ಇಂಥ ಊರಿನ ಫ್ರೀಜರ್‌ಗಳಲ್ಲಿ, ರೆಸ್ಟೋರೆಂಟ್ ಮೆನುಗಳಲ್ಲಿ ಮೀನೆಂದರೆ ಬಹಳ ಸಲ ಒಂದೇ ಹೆಸರು: ಬಾಸಾ.

ಸಮುದ್ರದ ಮೀನೆಂದು ನಂಬಿ ತಿನ್ನುವವರೂ ಇದ್ದಾರೆ. ಅದು ಸಿಹಿನೀರಿನ ಮೀನು. ಇನ್ನೂ ಸೋಜಿಗವೆಂದರೆ, ಬಹುಪಾಲು ಅದು ಬಾಸಾವೂ ಅಲ್ಲ.

ಮೆಕಾಂಗ್ ನದಿಯಲ್ಲಿ ಎರಡು ದಾಯಾದಿ ಮೀನುಗಳಿವೆ. ವಿಯೆಟ್ನಾಮಿನವರು ಒಂದನ್ನು ‘ಬಾ ಸಾ’, ಇನ್ನೊಂದನ್ನು ‘ಚಾ’ ಎನ್ನುತ್ತಾರೆ. ಫ್ರೆಂಚ್ ವಿಜ್ಞಾನಿ ಸೊವಾಜ್ 1878ರಲ್ಲಿ ಚಾವನ್ನೂ 1880ರಲ್ಲಿ ಬಾಸಾವನ್ನೂ ವಿವರಿಸಿದ. ಕಾಂಬೋಡಿಯಾ ಗಡಿಯ ಚಾವ್ ದೋಕ್‌ನಲ್ಲಿ ಜನ ನದಿಯ ಮೇಲೆ ತೇಲುಮನೆ ಕಟ್ಟಿ, ನೆಲಹಾಸಿನ ಕೆಳಗೆ ಪಂಜರ ಇಳಿಬಿಟ್ಟು ಮೀನು ಸಾಕಿದರು. ಮರಿಗಳನ್ನು ಮಾತ್ರ ಹೊಳೆಯಿಂದಲೇ ಹಿಡಿಯಬೇಕಿತ್ತು. 1990ರ ದಶಕದಲ್ಲಿ ಮರಿ ಉತ್ಪಾದನೆ ಕೇಂದ್ರಗಳಲ್ಲೇ ಸಾಧ್ಯವಾಯಿತು. ಬೇಗ ಬೆಳೆಯುವ, ಅಗ್ಗದ ಚಾ ಕೊಳಗಳನ್ನು ಆವರಿಸಿತು. ಮಾರುಕಟ್ಟೆಯಲ್ಲಿ ದಾಯಾದಿಯ ಹೆಸರನ್ನೂ ಹೊತ್ತುಕೊಂಡಿತು.

ಹೆಸರಿನ ಜಗಳ ಅಮೆರಿಕದವರೆಗೂ ಹೋಯಿತು. ಅಲ್ಲಿನ ಸಾಕಣೆದಾರರ ಒತ್ತಡದಿಂದ 2002ರ ಕಾನೂನು ಇದನ್ನು ‘ಕ್ಯಾಟ್‌ಫಿಶ್’ ಎಂದು ಮಾರುವುದನ್ನೇ ನಿಷೇಧಿಸಿತು. 2003ರಲ್ಲಿ ಸುಂಕವೂ ಬಿತ್ತು. ಜೀವಶಾಸ್ತ್ರದ ಪ್ರಕಾರ ಅದು ಕ್ಯಾಟ್‌ಫಿಶ್ಸೇ. ಮೀನಿನ ಕುಲ ತೀರ್ಮಾನಿಸಲು ಸಂಸತ್ತು ಬೇಕಾಯಿತಲ್ಲ!

ಭಾರತಕ್ಕೆ ಇದು 1990ರ ದಶಕದ ಮಧ್ಯಭಾಗದಲ್ಲಿ ಬಾಂಗ್ಲಾದೇಶದ ಮೂಲಕ ಪಶ್ಚಿಮ ಬಂಗಾಳಕ್ಕೆ ಬಂತು. ಈಗ ನೆರೆಯ ಆಂಧ್ರದ ಕೊಳಗಳಲ್ಲೇ ಹೇರಳವಾಗಿ ಬೆಳೆಯುತ್ತದೆ. ಮುಳ್ಳಿಲ್ಲದ ಬಿಳಿ ತುಂಡು, ವಾಸನೆ ಕಡಿಮೆ, ಯಾವ ಮಸಾಲೆಗೂ ಒಗ್ಗುತ್ತದೆ. ನನ್ನ ನಾಲಿಗೆಗೆ ಅದರ ದೋಷವೂ ಅದೇ. ಬೂತಾಯಿಯ ರುಚಿಯಾಗಲಿ ಒಳ್ಳೆಯ ಕೊಬ್ಬಾಗಲಿ ಇದಕ್ಕಿಲ್ಲ.

ಇದನ್ನು ತಿನ್ನುವುದು ಪರಿಸರಕ್ಕೆ ಒಳ್ಳೆಯದೇ? ಒಂದು ಲೆಕ್ಕದಲ್ಲಿ ಹೌದು. ತೌಡು, ಸೋಯಾ ಹಿಂಡಿಯಂಥ ಸಸ್ಯಾಹಾರದಲ್ಲೇ ಬಹುಮಟ್ಟಿಗೆ ಬೆಳೆಯುವ ಮೀನಿದು. ಇದಕ್ಕಾಗಿ ಸಮುದ್ರ ಬರಿದಾಗಬೇಕಿಲ್ಲ. ಗಾಳಿಯನ್ನೂ ಉಸಿರಾಡಬಲ್ಲದರಿಂದ ಆಮ್ಲಜನಕ ಕಡಿಮೆಯಿರುವ ನೀರಿನಲ್ಲೂ ಬದುಕುತ್ತದೆ. ಆದರೆ ಈ ಗುಣವೇ ಕೊಳದಲ್ಲಿ ಮೀನನ್ನು ಮಿತಿಮೀರಿ ತುಂಬಲು ಅನುವು ಕೊಡುತ್ತದೆ. ಆಗ ಕೊಳೆತ ಮೇವು, ಮಲ, ಔಷಧಿ ಬೆರೆತ ನೀರನ್ನು ಸಂಸ್ಕರಿಸದೆ ಹೊರಬಿಟ್ಟರೆ ತೊಂದರೆ ಕಾಲುವೆಗೆ, ಹೊಳೆಗೆ. ಅತ್ತ ಮೆಕಾಂಗ್‌ನಲ್ಲಿ ಅಣೆಕಟ್ಟು, ಅತಿ ಬೇಟೆಯ ನಡುವೆ ಕಾಡು ಚಾ ಅಳಿವಿನಂಚಿನ ಪಟ್ಟಿ ಸೇರಿದೆ. ಕೋಟಿಗಟ್ಟಲೆ ತಟ್ಟೆಗಳಲ್ಲಿರುವ ಮೀನು ತನ್ನ ತವರಿನ ಹೊಳೆಯಲ್ಲಿ ಅಪರೂಪ.

ಪರದೇಶಿ ಎಂಬ ಒಂದೇ ಕಾರಣಕ್ಕೆ ಇದನ್ನು ಬೈಯಲಾರೆ. ಕಾವೇರಿ ಸೀಮೆಯ ಕೆರೆಗಳಿಗೆ ಕಾಟ್ಲಾ, ರೋಹುಗಳನ್ನೂ ಹೊರಗಿನಿಂದಲೇ ತಂದು ಬಿಟ್ಟದ್ದು. ಅವು ಕೆರೆಯಲ್ಲಿ ಬೆಳೆದವು, ದಂಡೆಯಲ್ಲೇ ಮಾರಾಟವಾದವು. ನೀರು ಕೆಟ್ಟರೆ ಊರಿಗೆ ಮೊದಲು ಗೊತ್ತಾಗುತ್ತಿತ್ತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ಸತ್ತು ತೇಲಿದಾಗ ಇಡೀ ಬೆಂಗಳೂರು ಕಂಡಿತು. ಪೊಟ್ಟಣದಲ್ಲಿ ಬರುವ ಬಾಸಾ ಯಾವ ನೀರಿನಿಂದ ಬಂತೆಂದು ಹೊಸೂರು ರಸ್ತೆಯ ಅಂಗಡಿಯಲ್ಲಿ ಕೇಳಿ ನೋಡಿ. ಹಿಂಬದಿಯ ಸಣ್ಣಕ್ಷರಗಳಲ್ಲಿ ‘ಪಂಗಾಸಿಯಸ್’ ಎಂದಿದ್ದರೆ ಹೆಸರಂತೂ ತಿಳಿಯುತ್ತದೆ, ಕೊಳದ್ದಲ್ಲ.