ಮಲಗಿರುವ ಸ್ಟೆಮ್ ಸೆಲ್‌ಗಳನ್ನು ಎಬ್ಬಿಸಿದರೆ ಕಾಯಿಲೆ ವಾಸಿಯಾಗುತ್ತದೆಯೇ? ಇಂಪ್ರಿಂಟೆಡ್ ಜೀನ್‌ಗಳು ಹೇಳುವುದೇ ಬೇರೆ

ದೇಹದೊಳಗೆ ಮಲಗಿರುವ ಸ್ಟೆಮ್ ಸೆಲ್‌ಗಳನ್ನು ಎಬ್ಬಿಸುವ ಕ್ಯಾಪ್ಸೂಲ್, ಪುಡಿ, ಜ್ಯೂಸ್‌ಗಳ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಮಂಡಿ ನೋವಿನಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಎಲ್ಲಕ್ಕೂ ಅದೇ ಮದ್ದು ಎಂದು ಅದರಲ್ಲಿರುತ್ತದೆ. ಇದರಲ್ಲಿ ಅರ್ಧ ನಿಜ. ಸ್ಟೆಮ್ ಸೆಲ್‌ಗಳು ಮಲಗಿರುವುದು ಹೌದು. ಆದರೆ ಅವು ಸೋಮಾರಿಗಳಾಗಿ ಮಲಗಿಲ್ಲ, ದೇಹವೇ ಅವನ್ನು ಮಲಗಿಸಿದೆ.

ನಮ್ಮ ಮೂಳೆಮಜ್ಜೆ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳನ್ನು ತಯಾರಿಸುತ್ತದೆ. ಇಷ್ಟೆಲ್ಲಕ್ಕೂ ಮೂಲವಾದ ಸ್ಟೆಮ್ ಸೆಲ್‌ಗಳು ಮಾತ್ರ ಅಪರೂಪಕ್ಕೊಮ್ಮೆ ವಿಭಜನೆಯಾಗುತ್ತವೆ. ದಿನನಿತ್ಯದ ದುಡಿಮೆ ಅವುಗಳಿಂದ ಹುಟ್ಟಿದ ಮುಂದಿನ ತಲೆಮಾರಿನ ಕೋಶಗಳದ್ದು. ರೈತರ ಮನೆಯಲ್ಲಿ ಬಿತ್ತನೆಗೆಂದು ಎತ್ತಿಟ್ಟ ರಾಗಿಯನ್ನು ಯಾರೂ ಹಿಟ್ಟು ಮಾಡಿಸುವುದಿಲ್ಲವಲ್ಲ, ಇದೂ ಹಾಗೆಯೇ. ಪ್ರತಿ ವಿಭಜನೆಯಲ್ಲೂ ಡಿಎನ್‌ಎಯಲ್ಲಿ ತಪ್ಪು ನುಸುಳುವ ಸಾಧ್ಯತೆ ಇರುವುದರಿಂದ ಮೂಲ ಕೋಶಗಳು ಸುಮ್ಮನಿದ್ದಷ್ಟೂ ಒಳ್ಳೆಯದು.

ಅವು ಸುಮ್ಮನಿರುವಂತೆ ನೋಡಿಕೊಳ್ಳುವವರಲ್ಲಿ ಇಂಪ್ರಿಂಟೆಡ್ ಜೀನ್‌ಗಳೂ ಸೇರಿವೆ. ಸಾಮಾನ್ಯವಾಗಿ ಪ್ರತಿ ಜೀನಿನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ತಾಯಿಯಿಂದ ಬಂದದ್ದು ಒಂದು, ತಂದೆಯಿಂದ ಬಂದದ್ದು ಇನ್ನೊಂದು, ಎರಡೂ ಕೆಲಸ ಮಾಡುತ್ತವೆ. ಸುಮಾರು ನೂರು ಜೀನ್‌ಗಳು ಮಾತ್ರ ಇದಕ್ಕೆ ಹೊರತು. ಅಂಡಾಣು ಅಥವಾ ವೀರ್ಯಾಣು ತಯಾರಾಗುವಾಗಲೇ ಅವುಗಳಿಗೆ ಸಂಬಂಧಿಸಿದ ಡಿಎನ್‌ಎ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಬೀಳುತ್ತದೆ. ಈ ಗುರುತಿನಿಂದಾಗಿ ಒಂದು ಪ್ರತಿ ಮೌನವಾಗುತ್ತದೆ. ಕೆಲವು ಜೀನ್‌ಗಳಲ್ಲಿ ಅಪ್ಪನ ಪ್ರತಿ ಮಾತ್ರ ಮಾತಾಡುತ್ತದೆ, ಕೆಲವದರಲ್ಲಿ ಅಮ್ಮನದು ಮಾತ್ರ. 1984ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಅಜೀಂ ಸುರಾನಿ ತಂಡ ಮತ್ತು ಅಮೆರಿಕದಲ್ಲಿ ಮೆಕ್‌ಗ್ರಾತ್ ಹಾಗೂ ಸೋಲ್ಟರ್ ಇಲಿಗಳ ಭ್ರೂಣದಲ್ಲಿ ಇದನ್ನು ತೋರಿಸಿದರು. ಎರಡೂ ಪಾಲು ತಾಯಿಯದೇ ಅಥವಾ ಎರಡೂ ತಂದೆಯದೇ ಆಗಿದ್ದ ಭ್ರೂಣಗಳು ಬೆಳೆದು ಮರಿಯಾಗಲೇ ಇಲ್ಲ.

ಈ ಜೀನ್‌ಗಳ ಕೆಲಸ ಗರ್ಭದಲ್ಲೇ ಮುಗಿಯಿತು ಎಂಬ ಭಾವನೆ ಬಹುಕಾಲ ಇತ್ತು. ಅವುಗಳಲ್ಲಿ ಬಹಳಷ್ಟು ಭ್ರೂಣದ ಬೆಳವಣಿಗೆಗೆ ಸಂಬಂಧಿಸಿದವು. ಉದಾಹರಣೆಗೆ ಐಜಿಎಫ್2 ಬೆಳವಣಿಗೆಯನ್ನು ಹೆಚ್ಚಿಸುತ್ತದೆ ಮತ್ತು ತಂದೆಯ ಪ್ರತಿಯಿಂದ ಕೆಲಸ ಮಾಡುತ್ತದೆ. ಪಕ್ಕದಲ್ಲೇ ಇರುವ ಎಚ್19 ತಾಯಿಯ ಪ್ರತಿಯಿಂದ.

2013ರಲ್ಲಿ ಅಮೆರಿಕದ ಸ್ಟೋವರ್ಸ್ ಸಂಸ್ಥೆಯ ಸಂಶೋಧಕರು ಇಲಿಗಳ ರಕ್ತದ ಸ್ಟೆಮ್ ಸೆಲ್‌ಗಳಲ್ಲಿ ತಾಯಿಯಿಂದ ಬಂದ ಎಚ್19 ಜೀನಿನ ನಿಯಂತ್ರಣ ಭಾಗವನ್ನು ತೆಗೆದುಹಾಕಿದರು. ಮೌನವಾಗಿರಬೇಕಿದ್ದ ಐಜಿಎಫ್2 ಪ್ರತಿಗೆ ಬಾಯಿ ಬಂತು. ಮಲಗಿದ್ದ ಕೋಶಗಳು ಎದ್ದು ವಿಭಜನೆ ಶುರುಮಾಡಿದವು. ಫಾರ್ವರ್ಡ್ ಸಂದೇಶದ ಲೆಕ್ಕದಲ್ಲಿ ಇಲಿಗಳು ಹೊಸ ಚೈತನ್ಯ ಪಡೆಯಬೇಕಿತ್ತು. ಆದದ್ದು ತದ್ವಿರುದ್ಧ: ದೀರ್ಘಕಾಲ ಬಾಳುವ ಸ್ಟೆಮ್ ಸೆಲ್‌ಗಳು ಕಡಿಮೆಯಾದವು, ಹೊಸ ರಕ್ತ ಕಟ್ಟುವ ಅವುಗಳ ಶಕ್ತಿಯೂ ಕುಗ್ಗಿತು. ಅದಕ್ಕೆ ಎರಡು ವರ್ಷ ಮೊದಲೇ ಪಿ57 ಎಂಬ ಇನ್ನೊಂದು ಇಂಪ್ರಿಂಟೆಡ್ ಜೀನ್ ಇಲ್ಲದ ಇಲಿಗಳಲ್ಲೂ ಇಂಥದ್ದೇ ಫಲಿತಾಂಶ ಬಂದಿತ್ತು. ಅದು ಕೋಶ ವಿಭಜನೆಗೆ ಬ್ರೇಕ್ ಹಾಕುವ ಜೀನ್.

ಮಿದುಳಿನಲ್ಲಿ ಕಥೆ ಇನ್ನೂ ಸ್ವಾರಸ್ಯಕರ. ಡಿಎಲ್‌ಕೆ1 ಜೀನ್ ಸಾಮಾನ್ಯವಾಗಿ ಅಪ್ಪನ ಪ್ರತಿಯಿಂದ ಮಾತ್ರ ಕೆಲಸ ಮಾಡುತ್ತದೆ. ಆದರೆ ಇಲಿಯ ಮಿದುಳಿನ ಸ್ಟೆಮ್ ಸೆಲ್‌ಗಳಲ್ಲಿ ಅಮ್ಮನ ಪ್ರತಿಯೂ ತೆರೆದುಕೊಳ್ಳುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಯಾವ ಪ್ರತಿ ಕೆಟ್ಟರೂ ಹೊಸ ನರಕೋಶಗಳ ಹುಟ್ಟು ತಗ್ಗಿತು. ಅಂದರೆ ಒಂದೇ ಜೀನ್ ಒಂದು ಅಂಗದಲ್ಲಿ ಅರ್ಧ ತೆರೆದಿರಬೇಕು, ಇನ್ನೊಂದರಲ್ಲಿ ಪೂರ್ತಿ. ಇಷ್ಟು ನಾಜೂಕಾದ ಅಳತೆಯನ್ನು ಯಾವುದೋ ಪುಡಿ ಸರಿಪಡಿಸುತ್ತದೆ ಎಂಬುದು ನಂಬುವ ಮಾತಲ್ಲ.

(ಮಕ್ಕಳಿಗೆ ಬುದ್ಧಿ ತಾಯಿಯಿಂದ ಮಾತ್ರ ಬರುತ್ತದೆ ಎನ್ನುವ ಇನ್ನೊಂದು ಫಾರ್ವರ್ಡ್ ಕೂಡ ಇಂಪ್ರಿಂಟಿಂಗ್ ಹೆಸರನ್ನೇ ಎಳೆದು ತರುತ್ತದೆ. ಬುದ್ಧಿವಂತಿಕೆಯಲ್ಲಿ ಸಾವಿರಾರು ಕಡೆಯ ಡಿಎನ್‌ಎ ವ್ಯತ್ಯಾಸಗಳ ಪಾತ್ರವಿದೆ, ಅವು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ.)

ಮೇಲಿನ ಸ್ಟೆಮ್ ಸೆಲ್ ಪ್ರಯೋಗಗಳು ಇಲಿಗಳ ಮೇಲೆ ನಡೆದವು. ಮನುಷ್ಯರಲ್ಲಿ ಈ ಗುರುತು ತಪ್ಪಿದಾಗ ಏನಾಗುತ್ತದೆ ಎನ್ನುವುದಕ್ಕೆ ಕಾಯಿಲೆಗಳೇ ಉದಾಹರಣೆ. ಮಕ್ಕಳ ಮೂತ್ರಪಿಂಡದಲ್ಲಿ ಬರುವ ವಿಲ್ಮ್ಸ್ ಗೆಡ್ಡೆಗಳಲ್ಲಿ ಎಷ್ಟೋ ಸಲ ಐಜಿಎಫ್2 ಜೀನಿನ ಎರಡೂ ಪ್ರತಿಗಳು ತೆರೆದಿರುತ್ತವೆ. ಇದು 1993ರಿಂದಲೇ ಗೊತ್ತಿರುವ ವಿಷಯ.

ಹಾಗಾದರೆ ಸ್ಟೆಮ್ ಸೆಲ್ ಚಿಕಿತ್ಸೆಯೇ ಸುಳ್ಳೇ? ಅಲ್ಲ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾದಂಥ ಕಾಯಿಲೆಗಳಿಗೆ ಮೂಳೆಮಜ್ಜೆ ಕಸಿ ಜೀವ ಉಳಿಸುತ್ತದೆ. ಅಲ್ಲಿ ಮಾಡುವುದು ಎಬ್ಬಿಸುವ ಕೆಲಸವಲ್ಲ, ಆರೋಗ್ಯವಂತ ಸ್ಟೆಮ್ ಸೆಲ್‌ಗಳನ್ನು ಕೂರಿಸುವ ಕೆಲಸ. ಐಸಿಎಂಆರ್‌ನ 2017ರ ಮಾರ್ಗಸೂಚಿಯ ಪ್ರಕಾರ ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಈ ಕಸಿಯನ್ನು ಬಿಟ್ಟರೆ ಉಳಿದೆಲ್ಲ ಸ್ಟೆಮ್ ಸೆಲ್ ಬಳಕೆ ಇನ್ನೂ ಪ್ರಯೋಗದ ಹಂತದ್ದು, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನಲ್ಲಿ ಮಾತ್ರ ಕೊಡಬೇಕು. ಯಾರಾದರೂ ನಿಮ್ಮ ಮನೆಯವರಿಗೆ ಇಂಥ ಇಂಜೆಕ್ಷನ್ ಸೂಚಿಸಿದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಆ ಪಟ್ಟಿಯನ್ನು ಮೊಬೈಲ್‌ನಲ್ಲೇ ಉಚಿತವಾಗಿ ನೋಡಬಹುದು. ಸಂಖ್ಯೆ ಕೊಡದೆ ಮುಂಗಡ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.