ಬಾಸ್ಟನ್ ಶಾಲೆಗಳಲ್ಲಿ ಗಾನವೂ ಆಟವೂ

ಸಾರ್ವಜನಿಕರ ತೆರಿಗೆಯ ಹಣದಿಂದ ನಡೆಯುವ ಶಾಲೆಯಲ್ಲಿ ಹಾಡುವುದನ್ನು ಕಲಿಸಬಹುದೆ? ಅಮೆರಿಕದ ಬಾಸ್ಟನ್ ನಗರದಲ್ಲಿ ಹಿಂದೊಮ್ಮೆ ಈ ಪ್ರಶ್ನೆಯೆದ್ದಿತು. ಲೋವೆಲ್ ಮೇಸನ್ ಎಂಬ ಸಂಗೀತಗಾರನ ಯೋಜನೆಯನ್ನು ಶಾಲಾ ಸಮಿತಿಯು ಒಪ್ಪಿತು. ನಗರಸಭೆಯು ಹಣ ಕೊಡಲೊಲ್ಲದೆ ಹೋಯಿತು. ಆತನು ಎದೆಗುಂದಲಿಲ್ಲ. 1837ರಲ್ಲಿ ದಕ್ಷಿಣ ಬಾಸ್ಟನ್ನಿನ ಹಾಸ್ ಶಾಲೆಯ ಮಕ್ಕಳಿಗೆ ಸಂಬಳವಿಲ್ಲದೆಯೇ ಪಾಠ ಹೇಳತೊಡಗಿದನು. ಆ ಮಕ್ಕಳ ಗಾನವನ್ನು ಕೇಳಿದ ಬಳಿಕ, 1838ರ ಆಗಸ್ಟಿನಲ್ಲಿ, ಸಮಿತಿಯು ಸಂಗೀತವನ್ನು ಪಾಠಕ್ರಮಕ್ಕೆ ಸೇರಿಸಿತು. ಗಣಿತವನ್ನು ಬೋಧಿಸುವವನಿಗೆ ಇಂತಹ ಪರೀಕ್ಷೆಯನ್ನು ಯಾರೂ ಒಡ್ಡುವುದಿಲ್ಲವೆಂಬುದನ್ನು ಶ್ರೋತೃಗಳು ಗಮನಿಸಬೇಕು.

ಆಟದ ಕಥೆಯೇ ಬೇರೆ. ಅದು ಯಾವ ಸಮಿತಿಯ ಅಪ್ಪಣೆಗೂ ಕಾದು ನಿಲ್ಲಲಿಲ್ಲ. 1862ರಲ್ಲಿ ಒನೈಡ ಎಂಬ ಕಾಲ್ಚೆಂಡಿನ ಕೂಟವನ್ನು ಕಟ್ಟಿ, ಬಾಸ್ಟನ್ ಕಾಮನ್ ಬಯಲಿನಲ್ಲಿ ಆಡಿದವರು ಶಾಲಾಬಾಲಕರೇ. 1635ರಲ್ಲಿ ಸ್ಥಾಪಿತವಾದ ಲ್ಯಾಟಿನ್ ಶಾಲೆಗೂ 1821ರ ಇಂಗ್ಲಿಷ್ ಹೈಸ್ಕೂಲಿಗೂ 1887ರಲ್ಲಿ ಮೊದಲಾದ ಕಾಲ್ಚೆಂಡಿನ ಪೈಪೋಟಿಯು ಶತಮಾನವನ್ನು ದಾಟಿ ಬಂದಿತು. (ಹೆಸರು ಕಾಲ್ಚೆಂಡಾದರೂ ಅಮೆರಿಕನ್ನರ ಆಟದಲ್ಲಿ ಕೆಲಸವೆಲ್ಲ ಬಹುಮಟ್ಟಿಗೆ ಕೈಯದು.)

ಮೇಸನ್ನನಾದರೋ ಆ ಪೈಪೋಟಿಯನ್ನು ಕಾಣಲಿಲ್ಲ. ಸಂಬಳವನ್ನು ತೊರೆದು ಸಂಗೀತವನ್ನು ಶಾಲೆಯೊಳಕ್ಕೆ ತಂದ ಆತನನ್ನು 1845ರಲ್ಲಿ ಆ ಹುದ್ದೆಯಿಂದ ಬಿಡಿಸಿದರು. ಆತನು ತಂದ ಪಾಠವನ್ನು ಬಿಡಿಸಲಿಲ್ಲ.