ಕಿರುತೆರೆ ಪ್ರಶಸ್ತಿಗಳು: ನಾಮನಿರ್ದೇಶನ ಮತ್ತು ವಿಭಾಗ ನಿರ್ಣಯ

ಧಾರಾವಾಹಿ, ಅದರ ಕಲಾವಿದರು ಮತ್ತು ತಂತ್ರಜ್ಞರನ್ನು ಪ್ರಶಸ್ತಿಗೆ ಪರಿಗಣಿಸುವ ಮುನ್ನ ಯಾರನ್ನು ಯಾವ ವಿಭಾಗದಲ್ಲಿ, ಯಾರ ಎದುರಿಗೆ ನಿಲ್ಲಿಸಬೇಕೆಂದು ತೀರ್ಮಾನಿಸುವ ಕ್ರಮ. ವಿಜೇತರ ಹೆಸರು ಹೊರಬೀಳುವುದು ವೇದಿಕೆಯ ಮೇಲಾದರೂ ಫಲಿತಾಂಶದ ಬಹುಪಾಲು ಈ ವಿಂಗಡಣೆಯಲ್ಲೇ ಇತ್ಯರ್ಥವಾಗಿರುತ್ತದೆ. ಕನ್ನಡದ ಮಟ್ಟಿಗೆ ಇದನ್ನು ಬರೀ ಟಿವಿಯ ಕಥೆಯಾಗಿ ಹೇಳಲು ಬರುವುದಿಲ್ಲ. ಪ್ರಸಾರ ಮಾಧ್ಯಮ ಕಲೆಯನ್ನು ದರ್ಜೆ, ಪ್ರಕಾರಗಳಾಗಿ ವಿಂಗಡಿಸುವ ಪದ್ಧತಿಯನ್ನು ಉತ್ತರ ಕರ್ನಾಟಕ ಮೊದಲು ಕಂಡದ್ದು ಧಾರವಾಡ ಆಕಾಶವಾಣಿಯ ಸ್ಟುಡಿಯೋದಲ್ಲಿ.

ವಾಹಿನಿಗಳ ಪದ್ಧತಿ

ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಖಾಸಗಿ ವಾಹಿನಿಗಳಲ್ಲಿ ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ (2015ರಿಂದ ಕಲರ್ಸ್ ಕನ್ನಡ) 2000ದಲ್ಲಿ, ಜೀ ಕನ್ನಡ 2006ರಲ್ಲಿ, ಸುವರ್ಣ 2007ರಲ್ಲಿ ಬಂದವು. ಚಲನಚಿತ್ರಕ್ಕೆ ರಾಜ್ಯ ಸರ್ಕಾರದ ವಾರ್ಷಿಕ ಪ್ರಶಸ್ತಿ ಇದೆ. ಧಾರಾವಾಹಿಗೆ ಅಷ್ಟೇ ತೂಕದ ಸರ್ಕಾರಿ ಮನ್ನಣೆ ಬೆಳೆಯದೆ ಹೋದ್ದರಿಂದ ಆ ಜಾಗವನ್ನು ವಾಹಿನಿಗಳೇ ತುಂಬಿಕೊಂಡವು. ಕಲರ್ಸ್ ಕನ್ನಡದ ಅನುಬಂಧ ಅವಾರ್ಡ್ಸ್ ಮತ್ತು ಜೀ ಕನ್ನಡದ ಜೀ ಕುಟುಂಬ ಅವಾರ್ಡ್ಸ್ ಇವುಗಳಲ್ಲಿ ಹೆಚ್ಚು ಪರಿಚಿತ.

ಇವುಗಳ ಮೊದಲ ಲಕ್ಷಣ, ಕಣ ಆಯಾ ವಾಹಿನಿಯ ಅಂಗಳ ದಾಟುವುದಿಲ್ಲ. ಅನುಬಂಧದ ನಾಮಿನೇಷನ್ ಪಟ್ಟಿಯಲ್ಲಿ ಜೀ ಕನ್ನಡದ ಧಾರಾವಾಹಿ ಇರುವುದಿಲ್ಲ, ಅಲ್ಲಿಯದರಲ್ಲಿ ಇಲ್ಲಿಯದು ಇರುವುದಿಲ್ಲ. ಪಟ್ಟಿ ವಾಹಿನಿಯದು, ಮತ ವೀಕ್ಷಕರದು, ಸಮಾರಂಭವನ್ನು ಪ್ರಸಾರ ಮಾಡುವುದೂ ಅದೇ ವಾಹಿನಿ. ಹಿಂದಿಯಲ್ಲಿ 2003ರಲ್ಲಿ ಆರಂಭವಾದ ಸ್ಟಾರ್ ಪರಿವಾರ್ ಅವಾರ್ಡ್ಸ್ ಈ ಮಾದರಿಯದೇ. ಆದರೆ ಅಲ್ಲಿ ಅದಕ್ಕೂ ಎರಡು ವರ್ಷ ಮುಂಚೆ ಎಲ್ಲ ವಾಹಿನಿಗಳನ್ನೂ ಒಂದೇ ಪಟ್ಟಿಗೆ ತರುವ ಇಂಡಿಯನ್ ಟೆಲ್ಲಿ ಅವಾರ್ಡ್ಸ್ ಶುರುವಾಗಿತ್ತು. ಕನ್ನಡದಲ್ಲಿ ಜನರ ಬಾಯಲ್ಲಿ ನಿಂತದ್ದು ವಾಹಿನಿಯ ಮನೆಹಬ್ಬಗಳೇ.

ಎರಡನೆಯದು ವಿಭಾಗಗಳ ಸ್ವರೂಪ. ಹಾಸ್ಯ, ಗಂಭೀರ, ಪತ್ತೇದಾರಿ ಎಂಬ ಪ್ರಕಾರಭೇದಕ್ಕಿಂತ ಇಲ್ಲಿ ಮನೆಯೊಳಗಿನ ಸ್ಥಾನ ಮುಖ್ಯ: ಜನ ಮೆಚ್ಚಿದ ನಾಯಕ, ನಾಯಕಿ, ಸಂಸಾರ, ಅತ್ಯುತ್ತಮ ಅತ್ತೆ, ಸೊಸೆ, ಅಪ್ಪ, ಅಮ್ಮ, ಜೋಡಿ. ಕೇಡಿನ ಪಾತ್ರಗಳಿಗೂ ಅನುಬಂಧ ‘ಶಕುನಿ’, ‘ಮಂಥರೆ’ ಎಂದು ಪುರಾಣದಿಂದ ಹೆಸರು ತಂದಿತು. ಈ ಕೊನೆಯದು ಜಾಣ ಆಯ್ಕೆಯೆಂದೇ ಹೇಳಬೇಕು. ಖಳ ಎಂಬ ಮೊಂಡು ಪದಕ್ಕಿಂತ ಸೂತ್ರ ಹಿಡಿಯುವ ಮಾವ ಯಾರು, ಕಿವಿಯೂದುವ ಹೆಂಗಸು ಯಾರು ಎಂಬುದನ್ನು ನೋಡುಗರು ಎಂದೋ ಗುರುತಿಸಿಟ್ಟಿರುತ್ತಾರೆ. ಇದರಿಂದ ತೊಡಕೂ ಇದೆ. ಅತ್ತೆಯಾಗಿ ಅಳೆಯಲ್ಪಡುವುದು ಪಾತ್ರವೋ ನಟಿಯೋ ಎಂಬುದು ಬೆರೆತುಹೋಗುತ್ತದೆ. ಕಥೆ ಕೆಲವು ವರ್ಷ ಮುಂದಕ್ಕೆ ಹಾರಿದರೆ ಹೋದ ಸಲ ಸೊಸೆಯ ಸಾಲಿನಲ್ಲಿದ್ದವರು ಈ ಸಲ ಅಮ್ಮನ ಸಾಲಿಗೆ ಬರುತ್ತಾರೆ, ಅಭಿನಯ ಬದಲಾಗಿರಲಿ ಬಿಡಲಿ. ನೆಂಟಸ್ತನ ಇಲ್ಲದ ಪಾತ್ರಗಳಿಗೆ, ಅಂದರೆ ಮನೆಗೆಲಸದವರು, ಊರಿನ ಗೌಡ, ಅಂಗಡಿಯವ ಇವರಿಗೆ, ಉಳಿಯುವುದು ಹಾಸ್ಯ ಅಥವಾ ಪೋಷಕ ಎಂಬ ಎರಡೇ ಬಾಗಿಲು.

ಹಿನ್ನೆಲೆ: ಆಕಾಶವಾಣಿಯ ದರ್ಜೆಗಳು

ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಎರಡು ವರ್ಷಗಳಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಬಾನುಲಿಯಲ್ಲಿ ಹಾಡುವವರನ್ನೆಲ್ಲ ಧ್ವನಿಪರೀಕ್ಷೆಗೆ ಒಳಪಡಿಸುವ ವ್ಯವಸ್ಥೆ ಅವರ ಕಾಲದ್ದು. ಪರೀಕ್ಷಾ ಮಂಡಳಿಗೆ ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಶಿಷ್ಯ ಎಸ್.ಎನ್. ರಾತಂಜನಕರ್ ಮುಖ್ಯಸ್ಥರಾಗಿದ್ದರು. ದಶಕಗಟ್ಟಲೆ ಮೆಹಫಿಲ್ ಮಾಡಿದ ಹಿರಿಯರೂ ಸಮಿತಿಯ ಮುಂದೆ ಕೂತು ಹಾಡಬೇಕೆಂಬುದು ಮುಂಬಯಿ ಮುಂತಾದೆಡೆ ದೊಡ್ಡ ವಿರೋಧಕ್ಕೆ ಕಾರಣವಾಯಿತು. ವಿರೋಧ ಕರಗಿತು, ಪದ್ಧತಿ ಉಳಿಯಿತು. ಬಿ, ಬಿ-ಹೈ, ಎ, ಟಾಪ್ ಎಂಬ ದರ್ಜೆಗಳು ಇಂದಿಗೂ ಇವೆ. ಸ್ಥಳೀಯ ಸಮಿತಿ ಕೇಳುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಮೇಲಿನ ದರ್ಜೆಗೆ ಧ್ವನಿಮುದ್ರಿಕೆ ದೆಹಲಿಯ ಮಂಡಳಿಗೆ ಹೋಗುತ್ತದೆ. ಸಿಗುವ ಕಾರ್ಯಕ್ರಮ, ಗೌರವಧನ ಎರಡೂ ದರ್ಜೆಗೆ ತಕ್ಕಂತೆ. ಹುಬ್ಬಳ್ಳಿ-ಧಾರವಾಡದಲ್ಲಿ ಕಛೇರಿಯ ಕರಪತ್ರದಲ್ಲಿ ಕಲಾವಿದರ ಹೆಸರಿನ ಕೆಳಗೆ ‘ಆಕಾಶವಾಣಿ ಎ ಗ್ರೇಡ್’ ಎಂದು ಅಚ್ಚು ಹಾಕಿಸುವುದು ಈಗಲೂ ವಾಡಿಕೆ.

ಈ ಪ್ರದೇಶಕ್ಕೆ ದರ್ಜೆಗಿಂತ ಹೆಚ್ಚು ತಟ್ಟಿದ್ದು ಪ್ರಕಾರದ ಗೆರೆಗಳು. ಮಲ್ಲಿಕಾರ್ಜುನ ಮನ್ಸೂರರು ಜೈಪುರ ಘರಾಣೆಯವರು, ಗಂಗೂಬಾಯಿ ಹಾನಗಲ್ಲರು ಕಿರಾಣಾದವರು, ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಧ್ವನಿಪರೀಕ್ಷೆಯ ಅರ್ಜಿಯಲ್ಲಿ ಇವರೆಲ್ಲರಿಗೂ ಒಂದೇ ಕೋಷ್ಟಕ: ಹಿಂದೂಸ್ತಾನಿ ಗಾಯನ. ಆದರೆ ಇದೇ ಮನ್ಸೂರರು, ರಾಜಗುರುಗಳು ರಾಗದ ಕಟ್ಟಿನಲ್ಲಿ ವಚನ ಹಾಡಿದಾಗ ಅದು ಶಾಸ್ತ್ರೀಯವೋ, ಸುಗಮವೋ, ಭಕ್ತಿಸಂಗೀತವೋ? ಖಯಾಲಿನ ಶಿಸ್ತು, ಕನ್ನಡದ ಸಾಹಿತ್ಯ, ಮಠದ ಕೇಳುಗ ಮೂರೂ ಕೂಡಿದ ಈ ಗಾಯನ ಧಾರವಾಡದ್ದೇ ಸ್ವತ್ತು, ದೆಹಲಿಯಲ್ಲಿ ಗೀಚಿದ ಕೋಷ್ಟಕದಲ್ಲಿ ಅದಕ್ಕೆ ಪೂರ್ತಿ ಒಗ್ಗುವ ಮನೆಯಿರಲಿಲ್ಲ. ಕಂಪನಿ ನಾಟಕದ ರಂಗಗೀತೆಗಳ ಪಾಡೂ ಅದೇ. ಅವುಗಳ ಜೀವವಾದ ಹಾರ್ಮೋನಿಯಂಗಂತೂ 1940ರ ಮಾರ್ಚ್‌ನಿಂದ 1971ರವರೆಗೆ ಬಾನುಲಿಯಲ್ಲಿ ಪ್ರವೇಶವೇ ಇರಲಿಲ್ಲ. ಹುಬ್ಬಳ್ಳಿಯ ಥಿಯೇಟರಿನಲ್ಲಿ ಕಾಲುಪೆಟಿಗೆಯ ಶ್ರುತಿಗೆ ಹಾಡಿದವರು ಸ್ಟುಡಿಯೋದಲ್ಲಿ ಸಾರಂಗಿಯ ಜತೆ ಹಾಡಬೇಕಾಗಿತ್ತು. ಜಾನಪದಕ್ಕೆ ಮಾತ್ರ ಆಕಾಶವಾಣಿ ಪ್ರತ್ಯೇಕ ಸಾಲು ಇಟ್ಟಿತು. ಗೀಗೀ, ಡೊಳ್ಳಿನ ಪದ, ಭಜನೆಗಳು ಶಾಸ್ತ್ರೀಯದ ಅಳತೆಗೋಲಿಗೆ ಸಿಕ್ಕಿ ಸೋಲಲಿಲ್ಲ.

ಕಾರ್ಯಕ್ರಮಗಳ ನಾಮನಿರ್ದೇಶನ ಎಂಬುದು ಆಕಾಶವಾಣಿ ವಾರ್ಷಿಕ ಪ್ರಶಸ್ತಿಗಳಿಂದ ಬಂತು. ನಾಟಕ, ಸಾಕ್ಷ್ಯರೂಪಕ, ಸಂಗೀತ ನಿರ್ಮಾಣ, ವಿನೂತನ ಕಾರ್ಯಕ್ರಮ ಮುಂತಾದ ವಿಭಾಗಗಳಿಗೆ ಕೇಂದ್ರಗಳೇ ತಮ್ಮ ಕಾರ್ಯಕ್ರಮ ಆರಿಸಿ ಕಳಿಸುತ್ತವೆ. 1990ರಲ್ಲಿ ಉಗ್ರರ ಗುಂಡಿಗೆ ಬಲಿಯಾದ ಶ್ರೀನಗರ ದೂರದರ್ಶನದ ನಿರ್ದೇಶಕ ಲಸ್ಸಾ ಕೌಲರ ಹೆಸರಿನಲ್ಲಿ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಇದೆ. ಹಾಡು ಹೆಚ್ಚಿರುವ ನಾಟಕವನ್ನು ನಾಟಕವೆಂದು ಕಳಿಸಬೇಕೋ ಸಂಗೀತ ನಿರ್ಮಾಣವೆಂದೋ ಎಂಬ ಲೆಕ್ಕಾಚಾರ ನಿರ್ಮಾಪಕರದ್ದು. ಸ್ಪರ್ಧೆ ತೆಳುವಾಗಿರುವ ಸಾಲು ಹುಡುಕುವ ಈ ಜಾಣ್ಮೆ ಕನ್ನಡ ವಾಹಿನಿಗಳ ಪ್ರಶಸ್ತಿಗಳಿಗಿಂತ ಹಳೆಯದು.

ಹೊರಗಿನ ಹೋಲಿಕೆ

ಅಮೆರಿಕದ ಎಮ್ಮಿ ಪ್ರಶಸ್ತಿಯಲ್ಲಿ ವಿಭಾಗವನ್ನು ನಿರ್ಮಾಪಕರೇ ಆರಿಸಿಕೊಳ್ಳುತ್ತಿದ್ದರು. 2015ರಲ್ಲಿ ಅರ್ಧ ಗಂಟೆಯದು ಹಾಸ್ಯ, ಒಂದು ಗಂಟೆಯದು ಗಂಭೀರ ಎಂಬ ನಿಯಮ ಬಂತು. ಬೇರೆ ಬೇಕಿದ್ದವರು ಸಮಿತಿಗೆ ಮನವಿ ಕೊಡಬೇಕಿತ್ತು. ‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’ ಸರಣಿ ಹಾಸ್ಯದಿಂದ ಗಂಭೀರಕ್ಕೆ ಸರಿದದ್ದು ಆಗಲೇ. ಅದರ ನಟಿ ಉಜೊ ಅಡುಬಾ ಒಂದೇ ಪಾತ್ರಕ್ಕೆ 2014ರಲ್ಲಿ ಹಾಸ್ಯ ವಿಭಾಗದಲ್ಲಿ, 2015ರಲ್ಲಿ ಗಂಭೀರ ವಿಭಾಗದಲ್ಲಿ ಎಮ್ಮಿ ಗೆದ್ದರು. ಭಾರತದಲ್ಲಿ ಇದಕ್ಕಿಂತ ವಿಚಿತ್ರವಾದದ್ದು ಗೋವಿಂದ ನಿಹಲಾನಿಯವರ ‘ತಮಸ್’. 1988ರಲ್ಲಿ ದೂರದರ್ಶನದ ಸರಣಿಯಾಗಿ ಮನೆಮನೆಗೆ ಬಂದ ಈ ಕೃತಿ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ನರ್ಗೀಸ್ ದತ್ ಪ್ರಶಸ್ತಿ ಪಡೆಯಿತು, ಸುರೇಖಾ ಸಿಕ್ರಿ ಅತ್ಯುತ್ತಮ ಪೋಷಕ ನಟಿಯಾದರು.

ಹುಬ್ಬಳ್ಳಿ-ಧಾರವಾಡದ ಮಾತು

ಮತ್ತೆ ಕನ್ನಡ ವಾಹಿನಿಗಳಿಗೆ ಬಂದರೆ, ಸಂಬಂಧಗಳ ಹೆಸರಿನ ವಿಭಾಗಗಳಲ್ಲಿ ಸೀಮೆಗೆ ಜಾಗವಿಲ್ಲ. ವೈಶಾಲಿ ಕಾಸರವಳ್ಳಿ ನಿರ್ದೇಶನದ ‘ಮೂಡಲ ಮನೆ’, ಮುಂದೆ ಕಲರ್ಸ್ ಕನ್ನಡದ ‘ಗಿಣಿರಾಮ’ ಉತ್ತರ ಕರ್ನಾಟಕದ ಮಾತನ್ನು ಮುಖ್ಯ ಪಾತ್ರಗಳ ಬಾಯಲ್ಲೇ ಇಟ್ಟವು. ಇವು ಅಪವಾದ. ಧಾರವಾಡದ ಮಾತು ಹಾಸ್ಯಪಾತ್ರದ, ಇಲ್ಲವೇ ಊರಿಂದ ಬಂದ ನೆಂಟನ ಪಾಲಿಗೆ ಬಿಟ್ಟದ್ದೇ ಕನ್ನಡ ಪರದೆಯಲ್ಲಿ ಹೆಚ್ಚು. ಹಾಗಾಗಿ ಆ ಮಾತು ವೇದಿಕೆಗೆ ಹತ್ತುವುದೂ ಹಾಸ್ಯದ ಸಾಲಿನಲ್ಲೇ.

ಭಾಷೆಯನ್ನು ಅಳೆಯಬಲ್ಲದ್ದು ಅತ್ಯುತ್ತಮ ಸಂಭಾಷಣೆಯ ವಿಭಾಗ. ಅಲ್ಲಿ ಕಿವಿ ಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಮನೆಯಲ್ಲಿ ‘ಐತಿ’, ‘ಮಾಡಾಕತ್ತೇನಿ’ ಅಂದರೆ ಇನ್ನೊಂದು ಮನೆಯಲ್ಲಿ ‘ಅದ’, ‘ಮಾಡ್ಲಿಕ್ಕತ್ತೀನಿ’ ಅನ್ನುತ್ತಾರೆ. ಮನೆತನ, ಓಣಿ, ವಯಸ್ಸು ಎಲ್ಲ ಅದರಲ್ಲಿ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಬರೆದ ಸಂಭಾಷಣೆ ಕೆಲವೊಮ್ಮೆ ಒಂದೇ ಪಾತ್ರದ ಒಂದೇ ಉಸಿರಿನಲ್ಲಿ ‘ಐತಿ’ಯನ್ನೂ ‘ಅದ’ವನ್ನೂ ಹಾಕಿ, ವಾಕ್ಯದ ತುದಿಗೆಲ್ಲ ‘ರೀ’ ಅಂಟಿಸುತ್ತದೆ. ಧಾರವಾಡದವರಿಗೆ ಅದು ತಕ್ಷಣ ಚುಚ್ಚುತ್ತದೆ, ದಕ್ಷಿಣದ ಕೇಳುಗರಿಗೆ ಸೊಗಸಾಗಿಯೇ ಕೇಳುತ್ತದೆ. ಆ್ಯಪ್‌ನಲ್ಲಿ ಹಾಕುವ ಮತಕ್ಕೆ ಈ ವ್ಯತ್ಯಾಸ ತೋರಿಸುವ ಉಪಾಯವಿಲ್ಲ.

ರಿಯಾಲಿಟಿ ಶೋಗಳಲ್ಲಿ ಈ ಸೀಮೆಯವರು ಚೆನ್ನಾಗಿ ಎದ್ದು ಬಂದಿದ್ದಾರೆ. 1997ರವರೆಗೆ ಧಾರವಾಡ ಜಿಲ್ಲೆಗೇ ಸೇರಿದ್ದ ಹಾವೇರಿ ಕಡೆಯ ಹನುಮಂತ ಲಮಾಣಿ, ಜಾನಪದ ಹಾಡಿಕೊಂಡು ಬಂದು ಜೀ ಕನ್ನಡದ ‘ಸರಿಗಮಪ’ದಲ್ಲಿ ರನ್ನರ್ ಅಪ್ ಆದರು, 2025ರಲ್ಲಿ ‘ಬಿಗ್ ಬಾಸ್ ಕನ್ನಡ’ದ 11ನೇ ಸೀಸನ್ ಗೆದ್ದರು. ಆಕಾಶವಾಣಿಯಲ್ಲಾದರೆ ಅವರ ಹಾಡಿಗೆ ಜಾನಪದದ ಸಾಲು ಸಿದ್ಧವಿತ್ತು. ‘ಸರಿಗಮಪ’ದಲ್ಲಿ ಅದು ಸಿನಿಮಾ ಹಾಡುಗಳ ಪಕ್ಕದಲ್ಲೇ, ಅದೇ ಅಂಕಗಳಿಗಾಗಿ ನಿಲ್ಲಬೇಕಾಯಿತು.

ಡಬ್ಬಿಂಗ್

2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಕನ್ನಡಕ್ಕೆ ಡಬ್ಬಿಂಗ್ ತಡೆಯುತ್ತಿದ್ದ ಚಿತ್ರರಂಗದ ಸಂಸ್ಥೆಗಳಿಗೆ ದಂಡ ಹಾಕಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣ ‘ಮಹಾಭಾರತ’ವನ್ನು, ಜೀ ಕನ್ನಡ ಅಂಬೇಡ್ಕರರ ಬದುಕಿನ ಕಥೆ ‘ಮಹಾನಾಯಕ’ವನ್ನು ಕನ್ನಡಕ್ಕೆ ಡಬ್ ಮಾಡಿ ಬಿತ್ತರಿಸಿದವು. ಊರೂರಲ್ಲಿ ‘ಮಹಾನಾಯಕ’ದ ಬ್ಯಾನರ್ ಕಟ್ಟುವಷ್ಟು ಜನ ನೋಡಿದರು. ಇಂಥ ಧಾರಾವಾಹಿಯಲ್ಲಿ ಮುಖ ಒಬ್ಬರದು, ಕನ್ನಡದ ದನಿ ಇನ್ನೊಬ್ಬರದು. ಜನ ಮೆಚ್ಚಿದ ನಾಯಕ ಎಂಬ ಒಂದು ಸಾಲಿನಲ್ಲಿ ಇಬ್ಬರನ್ನೂ ಬರೆಯಲಾಗದು. ಕಂಠದಾನಕ್ಕೆಂದೇ ಪ್ರತ್ಯೇಕ ವಿಭಾಗ ತೆರೆದರಷ್ಟೇ ಈ ಗಂಟು ಬಿಚ್ಚೀತು.